ಔಷಧ ಕೊಡುವ ಕಿಟಕಿಯ ಹಿಂದೆ ಯಾರಿದ್ದಾರೆ?

ಅಭಿವೃದ್ಧಿಶೀಲ ರಾಷ್ಟ್ರಗಳ ಆರೋಗ್ಯ ಸಚಿವರಿಗೆ ಮತ್ತು ಆರೋಗ್ಯ ಸಿಬ್ಬಂದಿಯ ಯೋಜನೆ ರೂಪಿಸುವ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನೊಬ್ಬ ಫಾರ್ಮಸಿಸ್ಟ್. ಔಷಧ ಕೊಡುವುದು, ಅದನ್ನು ಹೇಗೆ ತೆಗೆದುಕೊಳ್ಳಬೇಕೆಂದು ಹೇಳುವುದು ನನ್ನ ಕಸುಬು. ಕೆಲವು ವರ್ಷಗಳ ಹಿಂದೆ ದಾಸ್ತಾನು ತಪಾಸಣೆಗೆಂದು ಪಟ್ಟಣದಿಂದ ಬಹಳ ದೂರದ ಒಂದು ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆ. ಅಲ್ಲಿ ಕಂಡದ್ದನ್ನು ಮೊದಲು ಹೇಳಿಬಿಡುತ್ತೇನೆ. ಈ ಪತ್ರ ಬರೆಯಬೇಕೆಂದು ಅನ್ನಿಸಿದ್ದೇ ಆ ದಿನ.

ಔಷಧ ಕೊಡುವ ಕಿಟಕಿಯ ಮುಂದೆ ಸಾಲು ಬೆಳೆದಿತ್ತು. ಕಿಟಕಿಯ ಹಿಂದೆ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಹೆರಿಗೆ ಕೋಣೆಯಿಂದ ದಾದಿಯೊಬ್ಬರು ಕೈ ಒರೆಸಿಕೊಳ್ಳುತ್ತಾ ಓಡಿ ಬಂದರು. ಚೀಟಿ ನೋಡಿ, ಕತ್ತರಿಯಿಂದ ಮಾತ್ರೆಯ ಪಟ್ಟಿಯನ್ನು ತುಂಡರಿಸಿ, ಕಾಗದದಲ್ಲಿ ಸುತ್ತಿ, ಕಿಟಕಿಯಿಂದಾಚೆ ಚಾಚಿದರು. ಹತ್ತು ಮಾತ್ರೆಯ ಪಟ್ಟಿಯಲ್ಲಿ ಆರನ್ನು ಕತ್ತರಿಸಿಕೊಟ್ಟಾಗ ತಯಾರಿಕೆಯ ಸಂಖ್ಯೆಯೂ ಅವಧಿ ಮುಗಿಯುವ ದಿನಾಂಕವೂ ಉಳಿದ ನಾಲ್ಕರ ಜೊತೆ ಡ್ರಾಯರ್‌ನಲ್ಲೇ ಉಳಿದವು. ರೋಗಿಯ ಕೈಗೆ ಹೋದದ್ದು ಅರ್ಧ ಹೆಸರು ಹೊತ್ತ ಅಲ್ಯೂಮಿನಿಯಂ ತುಂಡು.

ಸಾಲಿನಲ್ಲಿ ಒಬ್ಬ ತಾಯಿ ಇದ್ದಳು. ಮೂರು ದಿನಗಳ ಹಿಂದೆ ಅದೇ ಕಿಟಕಿಯಲ್ಲಿ ಮಗುವಿಗೆ ಅಮಾಕ್ಸಿಸಿಲಿನ್ ಡ್ರೈ ಸಿರಪ್ ಪಡೆದಿದ್ದಳು. ಜ್ವರ ಇಳಿದಿಲ್ಲವೆಂದು ಮತ್ತೆ ಬಂದಿದ್ದಳು. ಸೀಸೆಯನ್ನು ಕೈಗೆ ತೆಗೆದುಕೊಂಡು ನೋಡಿದೆ. ಒಳಗಿನ ಪುಡಿ ಇನ್ನೂ ಪುಡಿಯಾಗಿಯೇ ಇತ್ತು. ಕುದಿಸಿ ಆರಿಸಿದ ನೀರನ್ನು ಗುರುತಿನವರೆಗೆ ಹಾಕಿ, ಚೆನ್ನಾಗಿ ಕುಲುಕಿ, ಆಮೇಲೆ ಅಳತೆಯಿಂದ ಕೊಡಬೇಕೆಂದು ಆಕೆಗೆ ಯಾರೂ ಹೇಳಿರಲಿಲ್ಲ. ಚಮಚದ ತುದಿಯಲ್ಲಿ ಒಂದೊಂದು ಚಿಟಿಕೆ ಪುಡಿ ತೆಗೆದು ಮಗುವಿನ ನಾಲಿಗೆಗೆ ಹಚ್ಚಿದ್ದಳು. ದಾದಿಯ ಮುಖ ಕಪ್ಪಿಟ್ಟಿತು. "ಹೇಳಬೇಕಿತ್ತು. ಒಳಗೆ ಹೆರಿಗೆಯಾಗುತ್ತಿತ್ತು" ಎಂದಷ್ಟೇ ಹೇಳಿದರು.

ಆಮೇಲೆ ಫ್ರಿಜ್ ತೆರೆದೆ. ಇನ್ಸುಲಿನ್ ಸೀಸೆಗಳನ್ನು ಫ್ರೀಜರ್‌ನ ಗೋಡೆಗೆ ಒತ್ತಿ ಜೋಡಿಸಿಟ್ಟಿದ್ದರು. ಎರಡು ಸಾಲು ಗಟ್ಟಿಯಾಗಿದ್ದವು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಬಳಕೆಗೆ ಬಾರದು. ದಾಸ್ತಾನು ವಹಿಯಲ್ಲಿ ಬರೆದ ಸಂಖ್ಯೆಗೂ ಫ್ರಿಜ್‌ನಲ್ಲಿದ್ದ ಸೀಸೆಗಳಿಗೂ ಒಂದಿಷ್ಟೂ ವ್ಯತ್ಯಾಸವಿರಲಿಲ್ಲ. ಲೆಕ್ಕ ಸರಿಯಾಗಿತ್ತು, ಔಷಧ ಸತ್ತಿತ್ತು.

ಆ ದಾದಿಯದು ತಪ್ಪು ಎಂದು ನಾನು ಇಂದಿಗೂ ಹೇಳಲಾರೆ. ಆಕೆಗೆ ಕಲಿಸಿದ್ದು ಬೇರೆ ಕೆಲಸ. ಅದನ್ನು ಆಕೆ ಜೀವ ತೇಯ್ದು ಮಾಡುತ್ತಿದ್ದರು. ಆ ಕಿಟಕಿಯ ಹಿಂದೆ ಇರಬೇಕಾಗಿದ್ದ ವ್ಯಕ್ತಿ ನಾನು, ಅಥವಾ ನನ್ನಂಥ ಇನ್ನೊಬ್ಬರು. ನಾವು ಅಲ್ಲಿ ಇರಲಿಲ್ಲ. ಏಕಿರಲಿಲ್ಲ ಎಂಬುದನ್ನೇ ತಮ್ಮ ಮುಂದಿಡಬೇಕಾಗಿದೆ.

ಮೊದಲ ಕಾರಣ, ನಮ್ಮನ್ನು ಯಾರೂ ಎಣಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2006ರ ವರದಿ 57 ದೇಶಗಳಲ್ಲಿ ಆರೋಗ್ಯ ಸಿಬ್ಬಂದಿಯ ತೀವ್ರ ಕೊರತೆ ಇದೆ ಎಂದು ಸಾರಿತು. ಅವುಗಳಲ್ಲಿ 36 ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದವು. ಕೊರತೆಯನ್ನು ಅಳೆದ ಕೋಲು ಯಾವುದೆಂದರೆ, ಪ್ರತಿ 1000 ಜನರಿಗೆ ವೈದ್ಯರು, ದಾದಿಯರು, ಸೂಲಗಿತ್ತಿಯರು ಸೇರಿ 2.28 ಮಂದಿ. ಹತ್ತು ವರ್ಷಗಳ ನಂತರ, 2016ರಲ್ಲಿ, ಸುಸ್ಥಿರ ಅಭಿವೃದ್ಧಿ ಗುರಿಗಳಿಗೆ ಹೊಂದುವಂತೆ ಆ ಕೋಲನ್ನು 4.45ಕ್ಕೆ ಏರಿಸಿದರು. ಸಂಖ್ಯೆ ಬದಲಾಯಿತು, ಎಣಿಕೆಗೆ ಸೇರುವವರು ಬದಲಾಗಲಿಲ್ಲ. ಮತ್ತೆ ಅದೇ ವೈದ್ಯರು, ದಾದಿಯರು, ಸೂಲಗಿತ್ತಿಯರು. ಹೋಲಿಕೆಗೆ ಬೇಕಾದ ಅಂಕಿಅಂಶ ಆ ಮೂರು ವರ್ಗಗಳಿಗೇ ಹೆಚ್ಚು ದೊರೆಯುತ್ತದೆ ಎಂಬುದು ನನಗೆ ಗೊತ್ತು. ಆದರೆ ಅಳತೆಯ ಕೋಲಿನಲ್ಲಿ ಇಲ್ಲದ್ದು ಮುಂಗಡಪತ್ರದಲ್ಲಿ ಇರುವುದಿಲ್ಲ, ಮುಂಗಡಪತ್ರದಲ್ಲಿ ಇಲ್ಲದ್ದಕ್ಕೆ ಹುದ್ದೆ ಮಂಜೂರಾಗುವುದಿಲ್ಲ. ಒಂದು ದೇಶ ತನ್ನ ಗುರಿಯನ್ನು ಪೂರ್ತಿ ಮುಟ್ಟಿದ ದಿನವೂ ಅಲ್ಲಿನ ಒಂದೇ ಒಂದು ಕಿಟಕಿಯ ಹಿಂದೆ ಫಾರ್ಮಸಿಸ್ಟ್ ಇಲ್ಲದಿರಬಹುದು. ಆ ಅಳತೆಗೆ ಅದು ಕಾಣಿಸುವುದೇ ಇಲ್ಲ.

2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೆಲಸಗಳ ಮರುಹಂಚಿಕೆಯ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಎಚ್‌ಐವಿ ಚಿಕಿತ್ಸೆಯನ್ನು ಲಕ್ಷಾಂತರ ಜನರಿಗೆ ಮುಟ್ಟಿಸಬೇಕಾಗಿದ್ದ ಕಾಲ ಅದು. ವೈದ್ಯರ ಕೆಲವು ಕೆಲಸಗಳನ್ನು ತರಬೇತಿ ಕೊಟ್ಟು ದಾದಿಯರಿಗೆ ವಹಿಸುವುದು ಸರಿಯಾದ ನಿರ್ಧಾರವೇ ಆಗಿತ್ತು, ಜೀವಗಳು ಉಳಿದವು. ಔಷಧ ವಿತರಣೆ ಮಾತ್ರ ಹಲವು ಕಡೆ ಯಾವ ಆದೇಶವೂ ತರಬೇತಿಯೂ ಇಲ್ಲದೆ, ಯಾರೂ ಇಲ್ಲವಲ್ಲ ಎಂಬ ಒಂದೇ ಕಾರಣಕ್ಕೆ ಅದೇ ದಾದಿಯರ ಹೆಗಲಿಗೆ ಜಾರಿತು. ದಾದಿಯೂ ಇಲ್ಲದ ಕಡೆ ಕೇಂದ್ರದ ಸಹಾಯಕರು ಮಾತ್ರೆ ಎಣಿಸುತ್ತಾರೆ.

ಎಣಿಸಿದಲ್ಲಿಯೂ ನಾವು ಎಣಿಸುವ ರೀತಿ ಸರಿಯಿಲ್ಲ. ಹೇಗ್ ನಗರದಲ್ಲಿ ಕೇಂದ್ರ ಕಚೇರಿ ಹೊಂದಿರುವ ಅಂತರರಾಷ್ಟ್ರೀಯ ಔಷಧ ಒಕ್ಕೂಟ 2012ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಪ್ರತಿ 10,000 ಜನರಿಗೆ ಫಾರ್ಮಸಿಸ್ಟರ ಸಂಖ್ಯೆ ಸೊಮಾಲಿಯಾದಲ್ಲಿ 0.02 ಇದ್ದರೆ ಮಾಲ್ಟಾದಲ್ಲಿ 25.07 ಇತ್ತು. ಸಾವಿರ ಪಟ್ಟು ಮೀರಿದ ಅಂತರ. ಈ ಅಂತರ ಕಂಡು ಯಾರ ಎದೆಯೂ ಝಲ್ಲೆನ್ನಬೇಕು. ಆದರೂ ನನ್ನನ್ನು ಹೆಚ್ಚು ಕಾಡುವುದು ದೇಶ ದೇಶಗಳ ನಡುವಿನ ಅಂತರವಲ್ಲ, ಒಂದೇ ದೇಶದ ಒಳಗೆ ಸರಾಸರಿಯ ಬೆನ್ನ ಹಿಂದೆ ಅಡಗಿರುವ ಅಂತರ. ಘಾನಾದ ಔಷಧಾಲಯಗಳು ಅಕ್ರಾ ಮತ್ತು ಕುಮಾಸಿ ನಗರಗಳಲ್ಲಿ ಗುಂಪುಗಟ್ಟಿವೆ, ಹಳ್ಳಿಗಳಲ್ಲಿ ಔಷಧ ಸಿಗುವುದು ಫಾರ್ಮಸಿಸ್ಟರಲ್ಲದ ಪರವಾನಗಿ ಪಡೆದ ಮಾರಾಟಗಾರರ ಬಳಿ. ಬಾಂಗ್ಲಾದೇಶದ ಪದವೀಧರ ಫಾರ್ಮಸಿಸ್ಟರಲ್ಲಿ ಬಹುಪಾಲು ಜನ ಔಷಧ ಕಾರ್ಖಾನೆಗಳಲ್ಲಿದ್ದಾರೆ, ಅಂಗಡಿಗಳಲ್ಲಿ ನಿಂತಿರುವವರು ಹೆಚ್ಚಾಗಿ ಮೂರು ತಿಂಗಳ ಕೋರ್ಸ್ ಮುಗಿಸಿದ ಮೂರನೇ ದರ್ಜೆಯವರು. ದೇಶದ ಒಟ್ಟು ಜನಸಂಖ್ಯೆಯಿಂದ ಒಟ್ಟು ನೋಂದಣಿಯನ್ನು ಭಾಗಿಸಿದರೆ ಇದಾವುದೂ ಗೊತ್ತಾಗದು. ಕಾರ್ಖಾನೆಯಲ್ಲಿರುವವರು, ಕಂಪನಿಯ ಪ್ರತಿನಿಧಿಗಳಾಗಿ ಊರೂರು ತಿರುಗುವವರು, ಕಸುಬು ಬಿಟ್ಟವರು, ವಿದೇಶಕ್ಕೆ ಹೋಗಿ ನೋಂದಣಿ ಮಾತ್ರ ಇಲ್ಲಿ ಉಳಿಸಿಕೊಂಡವರು, ಕೊನೆಗೆ ತೀರಿಕೊಂಡರೂ ಪಟ್ಟಿಯಿಂದ ಹೆಸರು ತೆಗೆಯದವರು, ಎಲ್ಲರೂ ಆ ಭಾಗಾಕಾರದಲ್ಲಿ ಸೇರಿ ಸಂಖ್ಯೆಯನ್ನು ಉಬ್ಬಿಸುತ್ತಾರೆ.

ಇನ್ನೊಂದು ಬಗೆಯ ಹಾಜರಿಯೂ ಇದೆ. ಅದನ್ನು ಹೇಳಲು ನನ್ನ ಕಸುಬಿನವನಾಗಿ ನನಗೆ ನಾಚಿಕೆಯಾಗುತ್ತದೆ. ಗೋಡೆಯ ಮೇಲೆ ಚೌಕಟ್ಟು ಹಾಕಿದ ನೋಂದಣಿ ಪತ್ರ ಇರುತ್ತದೆ, ಅದರ ಒಡೆಯ ಇರುವುದಿಲ್ಲ. ತಿಂಗಳಿಗಿಷ್ಟು ಎಂದು ಹಣ ಪಡೆದು ಹೆಸರನ್ನು ಬಾಡಿಗೆಗೆ ಕೊಟ್ಟಿರುತ್ತಾನೆ. ನೈಜೀರಿಯಾದಲ್ಲಿ ಈ ಚಾಳಿಗೆ ‘ನೋಂದಾಯಿಸಿ ಹೊರಡು’ ಎಂಬ ಹೆಸರೇ ಬಿದ್ದಿದೆ. ಹೆಸರು ಬಾಡಿಗೆಗೆ ಕೊಡುವವನು ಕದಿಯುವುದು ರೋಗಿಯ ಸುರಕ್ಷತೆಯನ್ನು. ಅವನ ನೋಂದಣಿ ರದ್ದಾಗಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಅದರ ಜೊತೆಗೆ, ಓದಿ ನೋಂದಾಯಿಸಿಕೊಂಡ ಒಬ್ಬನಿಗೆ ಕಿಟಕಿಯ ಹಿಂದೆ ಎಂಟು ಗಂಟೆ ನಿಲ್ಲುವುದಕ್ಕಿಂತ ಹೆಸರನ್ನು ಬಾಡಿಗೆಗೆ ಕೊಡುವುದೇ ಹೆಚ್ಚು ಲಾಭವಾಗುವಂತೆ ಏಕಾಯಿತು ಎಂದೂ ತಾವು ಕೇಳಿಕೊಳ್ಳಬೇಕು.

ಕೊರತೆ ಎಂದೊಡನೆ ಹೊಳೆಯುವ ಪರಿಹಾರ ಹೊಸ ಕಾಲೇಜು. ಫಾರ್ಮಸಿ ಶಿಕ್ಷಣವೇ ಇಲ್ಲದಿದ್ದ ದೇಶಗಳಿಗೆ ಅದು ಬೇಕೇ ಬೇಕಾಗಿತ್ತು. ಮಲಾವಿಯಲ್ಲಿ ಪದವಿ ಶಿಕ್ಷಣ ಶುರುವಾದದ್ದೇ 2006ರಲ್ಲಿ, ಅದಕ್ಕೆ ಮೊದಲು ಓದಬೇಕೆಂದರೆ ದೇಶ ಬಿಡಬೇಕಿತ್ತು. ಹಾಗೆ ದೇಶ ಬಿಟ್ಟವರೆಲ್ಲ ಮರಳುತ್ತಾರೆಯೇ? ಆದರೆ ಕಾಲೇಜುಗಳು ಸಾಕಷ್ಟಿರುವ ಕಡೆ ಇನ್ನಷ್ಟು ತೆರೆಯುವುದರಿಂದ ಕಿಟಕಿ ತುಂಬುವುದಿಲ್ಲ. ಭಾರತದಲ್ಲಿ ಕಾಲೇಜುಗಳು ಬೆಳೆದ ವೇಗಕ್ಕೆ ಸ್ವತಃ ಫಾರ್ಮಸಿ ಪರಿಷತ್ತೇ 2019ರಲ್ಲಿ ಹೊಸ ಕಾಲೇಜುಗಳಿಗೆ ತಡೆ ಹಾಕಲು ಹೊರಟಿತ್ತು, ಆ ತಡೆ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಪಾಠ ಹೇಳುವವರು ಸಾಲದೆ, ರೋಗಿಯನ್ನು ಹತ್ತಿರದಿಂದ ಕಾಣದೆ, ಪ್ರಯೋಗಾಲಯದ ಪಿಪೆಟ್ಟಿನಲ್ಲೇ ನಾಲ್ಕು ವರ್ಷ ಕಳೆದು ಹೊರಬಂದ ಹುಡುಗನಿಗೆ ಎದುರಿಗಿರುವ ತಾಯಿಗೆ ಡ್ರೈ ಸಿರಪ್ ಬಗ್ಗೆ ಏನು ಹೇಳಬೇಕೆಂಬುದು ಹೇಗೆ ತಿಳಿಯಬೇಕು? ಪದವೀಧರರಿದ್ದಾರೆ, ಹುದ್ದೆ ಇಲ್ಲ. ಹುದ್ದೆ ಇದೆ, ಭರ್ತಿ ಇಲ್ಲ. ಭರ್ತಿಯಾದರೆ ಗುತ್ತಿಗೆ, ಗುತ್ತಿಗೆಗೆ ನವೀಕರಣದ ಭರವಸೆ ಇಲ್ಲ. ಒಂದೇ ದೇಶದಲ್ಲಿ ನಿರುದ್ಯೋಗಿ ಫಾರ್ಮಸಿಸ್ಟರೂ ಫಾರ್ಮಸಿಸ್ಟರಿಲ್ಲದ ಆರೋಗ್ಯ ಕೇಂದ್ರಗಳೂ ಅಕ್ಕಪಕ್ಕದಲ್ಲಿರುವುದನ್ನು ನೋಡಿದವನಿಗೆ ಇನ್ನೊಂದು ಕಾಲೇಜಿನ ಶಂಕುಸ್ಥಾಪನೆಯಿಂದ ಸಂತೋಷವಾಗುವುದಿಲ್ಲ.

ಹಳ್ಳಿಗೆ ಹೋಗಲು ಯುವಕರಿಗೆ ಮನಸ್ಸಿಲ್ಲ ಎಂಬ ಮಾತನ್ನು ಸಭೆಗಳಲ್ಲಿ ಪದೇ ಪದೇ ಕೇಳಿದ್ದೇನೆ. ನನ್ನ ಕೈಕೆಳಗೆ ತರಬೇತಿ ಪಡೆದ ಹುಡುಗಿಯೊಬ್ಬಳು ತಾನಾಗಿಯೇ ದೂರದ ಕೇಂದ್ರವೊಂದನ್ನು ಕೇಳಿ ಪಡೆದು ಹೋದಳು. ಹೋದ ಮೊದಲ ತಿಂಗಳು ಉಗ್ರಾಣ ತೆರವು ಮಾಡಿ, ಮೊದಲು ಅವಧಿ ಮುಗಿಯುವುದು ಮುಂದೆ ಬರುವಂತೆ ಪೆಟ್ಟಿಗೆಗಳನ್ನು ಜೋಡಿಸಿದ್ದನ್ನು ಹೆಮ್ಮೆಯಿಂದ ಹೇಳಿದ್ದಳು. ಆರನೇ ತಿಂಗಳಿಗೆ ಆಕೆಯನ್ನು ವಾರದಲ್ಲಿ ಮೂರು ದಿನ ಗುಮಾಸ್ತೆಯ ಕೆಲಸಕ್ಕೆ ಕೂರಿಸಿದರು. ರಜೆ ಹಾಕಿದರೆ ಬದಲಿಗೆ ಬರುವವರಿಲ್ಲ, ಆದ್ದರಿಂದ ರಜೆಯೂ ಇಲ್ಲ. ವಾಸಕ್ಕೆ ಕೋಣೆ ಇಲ್ಲ. ಔಷಧದ ಪ್ರಮಾಣದ ಬಗ್ಗೆ ಒಮ್ಮೆ ಪ್ರಶ್ನೆ ಎತ್ತಿದಾಗ "ನಿನಗೆ ಹೇಳಿದಷ್ಟು ಕೊಡು" ಎಂಬ ಉತ್ತರ ಬಂತು. ಅದೊಂದು ಮೆಥೊಟ್ರೆಕ್ಸೇಟ್ ಚೀಟಿ. ಸಂಧಿವಾತಕ್ಕೆ ವಾರಕ್ಕೊಮ್ಮೆ ಕೊಡಬೇಕಾದ ಮಾತ್ರೆಯನ್ನು ದಿನಕ್ಕೊಮ್ಮೆ ಎಂದು ಬರೆದಿತ್ತು. ದಿನವೂ ನುಂಗಿದರೆ ಅದು ಪ್ರಾಣ ತೆಗೆಯುತ್ತದೆ. ಆಕೆ ಹಟ ಹಿಡಿದು ಚೀಟಿಯನ್ನು ತಿದ್ದಿಸಿದಳು, ರೋಗಿ ಉಳಿದರು. ಆ ವರ್ಷದ ಯಾವ ವರದಿಯಲ್ಲೂ ಅದು ದಾಖಲಾಗಲಿಲ್ಲ, ಆಗದಿದ್ದ ಸಾವಿಗೆ ಯಾವ ಅರ್ಜಿ ನಮೂನೆಯಲ್ಲೂ ಅಂಕಣವಿಲ್ಲ. ಎರಡನೇ ವರ್ಷ ಆಕೆ ಪರದೇಶದ ಪರೀಕ್ಷೆಗೆ ಓದತೊಡಗಿದಳು. ಈಗ ಅಲ್ಲಿಯೇ ಇದ್ದಾಳೆ. ಆಕೆಯನ್ನು ಕರೆದುಕೊಂಡ ದೇಶವನ್ನು ನಾನು ದೂರುವುದಿಲ್ಲ. ವಿದೇಶಿ ನೇಮಕಾತಿಗೆ 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು ಸೇರುವ ವಿಶ್ವ ಆರೋಗ್ಯ ಸಭೆ ಒಂದು ನೀತಿಸಂಹಿತೆಯನ್ನು ಒಪ್ಪಿತು, ಅದನ್ನು ಪಾಲಿಸುವುದು ಆಯಾ ದೇಶದ ಇಚ್ಛೆಗೆ ಬಿಟ್ಟದ್ದು. ಆಕೆಯನ್ನು ಉಳಿಸಿಕೊಳ್ಳಬಹುದಾಗಿದ್ದವರು ನಾವು.

ಮಾಡಿ ನೋಡಿದವರಿದ್ದಾರೆ, ಅವರಿಂದ ಕಲಿಯಬಹುದು. ತಾಂಜಾನಿಯಾ 2003ರಲ್ಲಿ ರುವುಮಾ ಪ್ರಾಂತ್ಯದಲ್ಲಿ ಒಂದು ಪ್ರಯೋಗ ಮಾಡಿತು. ಹಳ್ಳಿಗಳಲ್ಲಿ ಯಾವ ಅಂಕೆಯೂ ಇಲ್ಲದೆ ಔಷಧ ಮಾರುತ್ತಿದ್ದ ಅಂಗಡಿಗಳನ್ನು ಮುಚ್ಚಿಸುವ ಬದಲು, ಅಲ್ಲಿ ನಿಲ್ಲುವವರಿಗೆ ಕೆಲವು ವಾರಗಳ ತರಬೇತಿ ಕೊಟ್ಟು, ಮಾರಬಹುದಾದ ಔಷಧಗಳ ಪಟ್ಟಿ ಗೊತ್ತುಮಾಡಿ, ತಪಾಸಣೆಯ ವ್ಯವಸ್ಥೆ ಕಟ್ಟಿ, ಮಾನ್ಯತೆ ಕೊಟ್ಟಿತು. ಅವಕ್ಕೆ ‘ದುಕಾ ಲಾ ದಾವಾ ಮುಹಿಮು’ ಎಂದು ಹೆಸರು, ಅಗತ್ಯ ಔಷಧಗಳ ಅಂಗಡಿ ಎಂದರ್ಥ. ಮುಂದೆ ಅದು ದೇಶದಾದ್ಯಂತ ಹಬ್ಬಿತು, ಉಗಾಂಡಾ ಮತ್ತು ಲೈಬೀರಿಯಾ ಕೂಡ ಆ ದಾರಿ ಹಿಡಿದವು. ನನ್ನ ಕಸುಬಿನ ಕೆಲವು ಹಿರಿಯರಿಗೆ ಇದು ಇಷ್ಟವಿಲ್ಲ, ಪದವಿಗೆ ಬೆಲೆ ಎಲ್ಲಿ ಉಳಿಯಿತು ಎನ್ನುತ್ತಾರೆ. ನನಗೂ ಮೊದಲು ಹಾಗೆಯೇ ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಮಲಾವಿಯಲ್ಲಿ ಎರಡು ವರ್ಷದ ಫಾರ್ಮಸಿ ಸಹಾಯಕರ ತರಬೇತಿಯನ್ನು ಅರ್ಧ ತರಗತಿಯಲ್ಲಿ, ಅರ್ಧ ಆರೋಗ್ಯ ಕೇಂದ್ರದಲ್ಲೇ ನಡೆಸುವ ಕ್ರಮ ಬಂದಿದೆ. ಕಲಿಯುವಾಗಲೇ ಅವರು ಉಗ್ರಾಣವನ್ನು ಒಪ್ಪ ಮಾಡಿರುತ್ತಾರೆ, ದಾದಿ ರೋಗಿಗಳ ಬಳಿಗೆ ಮರಳಿರುತ್ತಾರೆ. ಒಂದು ಎಚ್ಚರಿಕೆ ಮಾತ್ರ ಇರಲಿ. ಸಹಾಯಕರ ಮೇಲೆ ಕಣ್ಣಿಡಲು, ತೊಡಕಾದಾಗ ಫೋನಿಗೆ ಸಿಗಲು, ತಿಂಗಳಿಗೊಮ್ಮೆ ಬಂದು ಕುಳಿತು ವಹಿ ನೋಡಲು ಒಬ್ಬ ಫಾರ್ಮಸಿಸ್ಟ್ ಇರಲೇಬೇಕು. ಸಹಾಯಕರನ್ನು ನೇಮಿಸಿ ಮೇಲಿನ ಹುದ್ದೆಯನ್ನು ಉಳಿತಾಯದ ಹೆಸರಿನಲ್ಲಿ ರದ್ದು ಮಾಡಿದರೆ ಹಳೆಯ ಸ್ಥಿತಿಯೇ ಹೊಸ ಹೆಸರಿನಲ್ಲಿ ಮರಳುತ್ತದೆ.

ದಕ್ಷಿಣ ಆಫ್ರಿಕಾ 2001ರಿಂದ ಹೊಸ ಫಾರ್ಮಸಿಸ್ಟರಿಗೆ ಒಂದು ವರ್ಷದ ಸಮುದಾಯ ಸೇವೆಯನ್ನು ಕಡ್ಡಾಯ ಮಾಡಿದೆ. ಕಡ್ಡಾಯ ಸೇವೆಯ ಬಗ್ಗೆ ನನ್ನ ಅಭಿಪ್ರಾಯ ಅರೆಮನಸ್ಸಿನದು. ಒಂದು ವರ್ಷ ಯಾರಾದರೂ ಇರುತ್ತಾರೆ, ನಿಜ. ಆದರೆ ಆ ವರ್ಷ ಏಕಾಂಗಿಯಾಗಿ, ಕಲಿಸುವ ಹಿರಿಯರಿಲ್ಲದೆ ಕಳೆದವರು ಮತ್ತೆ ಆ ದಿಕ್ಕಿಗೆ ತಲೆ ಹಾಕುವುದಿಲ್ಲ. ದೂರದ ಪ್ರದೇಶಗಳಲ್ಲಿ ಸಿಬ್ಬಂದಿಯನ್ನು ಉಳಿಸಿಕೊಳ್ಳುವ ಕುರಿತು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಕೊಟ್ಟು 2021ರಲ್ಲಿ ಪರಿಷ್ಕರಿಸಿದ ಸಲಹೆಗಳು ಇದಕ್ಕಿಂತ ಆಳಕ್ಕೆ ಹೋಗುತ್ತವೆ: ಹಳ್ಳಿಯಿಂದ ಬಂದವರಿಗೆ ಕಾಲೇಜಿನಲ್ಲಿ ಸ್ಥಾನ ಕೊಡಿ, ಕಾಲೇಜನ್ನೇ ರಾಜಧಾನಿಯಿಂದಾಚೆ ಕಟ್ಟಿ, ವಸತಿ ಕೊಡಿ, ಬಡ್ತಿಯ ದಾರಿ ತೋರಿಸಿ. ಇವನ್ನು ವೈದ್ಯರ ವಿಷಯದಲ್ಲಿ ಅಷ್ಟಿಷ್ಟು ಓದಿದವರಿದ್ದಾರೆ. ನಮ್ಮ ವಿಷಯದಲ್ಲಿ ಓದಬೇಕಾಗಿದೆ.

ಖಾಸಗಿ ಅಂಗಡಿಗಳ ಮಾತು ಬಂದಾಗ, ಎಲ್ಲಿ ತೆರೆಯಬೇಕೆಂದು ಹೇಳುವ ಅಧಿಕಾರ ಸರ್ಕಾರಕ್ಕಿಲ್ಲ ಎನ್ನುವವರಿದ್ದಾರೆ. ಸ್ಪೇನ್‌ನ ಅಸ್ತೂರಿಯಸ್ ಪ್ರಾಂತ್ಯದಲ್ಲಿ 2,800 ಜನರಿಗೆ ಒಂದು ಔಷಧಾಲಯ, ಎರಡರ ನಡುವೆ ಕನಿಷ್ಠ 250 ಮೀಟರ್ ದೂರ ಎಂಬ ನಿಯಮವಿತ್ತು. ಅದನ್ನು ಪ್ರಶ್ನಿಸಿದಾಗ ಐರೋಪ್ಯ ನ್ಯಾಯಾಲಯ 2010ರಲ್ಲಿ, ಔಷಧ ಎಲ್ಲ ಕಡೆಯ ಜನರಿಗೂ ಸಿಗುವಂತೆ ಮಾಡಲು ಇಂಥ ನಿಯಮ ಇರಬಹುದೆಂದು ತಾತ್ವಿಕವಾಗಿ ಒಪ್ಪಿತು. ಶ್ರೀಮಂತ ಖಂಡವೇ ಅಂಗಡಿಗಳ ಹಂಚಿಕೆಯನ್ನು ಮಾರುಕಟ್ಟೆಗೆ ಪೂರ್ತಿ ಬಿಟ್ಟಿಲ್ಲ. ಒಂದೇ ಬೀದಿಯಲ್ಲಿ ಹತ್ತು ಪರವಾನಗಿ ಕೊಟ್ಟು, ಮುಂದಿನ ಐವತ್ತು ಕಿಲೋಮೀಟರ್ ಖಾಲಿ ಬಿಡುವುದು ಅನಿವಾರ್ಯವಲ್ಲ.

ಇದನ್ನೆಲ್ಲ ಕಸುಬಿನ ಸ್ವಾರ್ಥ ಎಂದು ತಾವು ಬದಿಗಿಡಬಾರದೆಂದು ಇನ್ನೊಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಮೊದಲ ಪಟ್ಟಿ ಬಂದದ್ದು 1977ರಲ್ಲಿ. ಮರುವರ್ಷ ಅಲ್ಮಾ ಅಟಾ ನಗರದಲ್ಲಿ ನಡೆದ ಅಂತರರಾಷ್ಟ್ರೀಯ ಆರೋಗ್ಯ ಸಮ್ಮೇಳನ ಅಗತ್ಯ ಔಷಧಗಳ ಪೂರೈಕೆಯನ್ನು ಪ್ರಾಥಮಿಕ ಆರೋಗ್ಯದ ಅಂಗವೆಂದು ಘೋಷಿಸಿತು. ಔಷಧ ಕೊಳ್ಳಲು ಅಂದಿನಿಂದ ತಾವು ಅಪಾರ ಹಣ ಸುರಿದಿದ್ದೀರಿ. ಆದರೆ ಔಷಧ ಕೊಡುವುದೆಂದರೆ ಪೆಟ್ಟಿಗೆ ಸಾಗಿಸುವುದಲ್ಲ. ಕ್ಷಯದ ರಿಫಾಂಪಿಸಿನ್ ನುಂಗಿದವರ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಮೊದಲೇ ಹೇಳದಿದ್ದರೆ ರಕ್ತವೆಂದು ಹೆದರಿ ಮಾತ್ರೆ ಬಿಟ್ಟವರನ್ನು ನಾನು ಕಂಡಿದ್ದೇನೆ. ಅದೇ ಔಷಧ ಗರ್ಭನಿರೋಧಕ ಮಾತ್ರೆಯ ಬಲವನ್ನು ಕುಗ್ಗಿಸುತ್ತದೆ, ಅದನ್ನು ಯಾರು ಹೇಳಬೇಕು? ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಹತ್ತರಲ್ಲಿ ಒಂದು ವೈದ್ಯಕೀಯ ಉತ್ಪನ್ನ ಕಳಪೆಯೋ ನಕಲಿಯೋ ಆಗಿರುತ್ತದೆ ಎಂದು 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿತು. ಮಾತ್ರೆಪಟ್ಟಿಯ ಅಂಚು, ಅಚ್ಚಿನ ಮಸುಕು, ಮಾತ್ರೆಯ ಪುಡಿಯಾಗುವಿಕೆ ಕಂಡು ಅನುಮಾನ ಪಡುವ ಪಳಗಿದ ಕಣ್ಣು ಆ ಕಿಟಕಿಯಲ್ಲಿ ಇಲ್ಲ. ಔಷಧಗಳಿಗೆ ಜಗ್ಗದ ಬ್ಯಾಕ್ಟೀರಿಯಾ ಸೋಂಕುಗಳೇ ನೇರ ಕಾರಣವಾಗಿ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಜನ ಸತ್ತರು. ಆ್ಯಂಟಿಬಯೋಟಿಕ್‌ನ ಎರಡು ಮಾತ್ರೆ ಕೇಳಿದವರಿಗೆ ಎರಡೇ ಕತ್ತರಿಸಿ ಕೊಡುವ ಕತ್ತರಿಯನ್ನು ತಡೆಯಬೇಕಾದವರು ಯಾರು?

ಆದ್ದರಿಂದ ನನ್ನ ಕೋರಿಕೆ ಇಷ್ಟು. ಫಾರ್ಮಸಿಸ್ಟರನ್ನು ಎಣಿಸುವಾಗ ಕಿಟಕಿಯಿಂದ ಶುರುಮಾಡಿ. ಔಷಧ ಕೈಗಿಡುವ ಪ್ರತಿಯೊಂದು ಜಾಗದ ಪಟ್ಟಿ ಮಾಡಿಸಿ, ಸರ್ಕಾರಿಯೂ ಖಾಸಗಿಯೂ ಸೇರಿರಲಿ. ಪ್ರತಿಯೊಂದರ ಎದುರು ಇಂದು ಅಲ್ಲಿ ನಿಂತಿರುವವರು ಯಾರು, ಏನು ಕಲಿತಿದ್ದಾರೆ ಎಂದು ಬರೆಸಿ. ಗೋಡೆಯ ಮೇಲಿನ ಹೆಸರನ್ನು ಬರೆಸಬೇಡಿ, ನಿಂತವರ ಹೆಸರನ್ನು ಬರೆಸಿ. ಯಾವ ಕೇಂದ್ರಕ್ಕೆ ಎಷ್ಟು ಹುದ್ದೆ ಎಂಬುದನ್ನು ಅಲ್ಲಿಗೆ ಬರುವ ಚೀಟಿಗಳ ಸಂಖ್ಯೆ ನೋಡಿ ನಿರ್ಧರಿಸಿ, ಒಬ್ಬರೇ ಇರುವ ಹುದ್ದೆಗೆ ರಜೆಯ ಬದಲಿ ಸಿಬ್ಬಂದಿಯನ್ನು ಹುದ್ದೆಯ ಜೊತೆಗೇ ಮಂಜೂರು ಮಾಡಿ. ಅವರನ್ನು ಗುಮಾಸ್ತಿಕೆಗೆ ಎಳೆಯದಂತೆ ಆದೇಶ ಹೊರಡಿಸಿ. ಚೀಟಿಯನ್ನು ಪ್ರಶ್ನಿಸುವುದು ಅವರ ಕರ್ತವ್ಯವೆಂದು ವೈದ್ಯರಿಗೂ ತಿಳಿಯುವಂತೆ ಲಿಖಿತವಾಗಿ ಹೇಳಿ, ಹಾಗೆ ತಡೆದ ತಪ್ಪುಗಳನ್ನು ದಾಖಲಿಸಲು ಒಂದು ವಹಿ ಇಡಿಸಿ. ಇವುಗಳಲ್ಲಿ ಕೊನೆಯ ಎರಡಕ್ಕೆ ಹಣವೇ ಬೇಕಾಗಿಲ್ಲ. ನಾಳೆಯೇ ಮಾಡಬಹುದು.

ಆ ತಾಯಿಯ ಮಗುವಿನ ವಿಷಯ ಹೇಳದೆ ಮುಗಿಸಿದರೆ ತಾವು ಕೇಳಬಹುದು. ಹೊಸ ಸೀಸೆ ತರಿಸಿ, ಆಕೆಯ ಎದುರಿಗೇ ನೀರು ಬೆರೆಸಿದೆವು. ಗುರುತು ತೋರಿಸಿ, ಆಕೆಯ ಕೈಯಿಂದಲೇ ಕುಲುಕಿಸಿ, ಅಳತೆಯ ಮುಚ್ಚಳದಲ್ಲಿ ಎಷ್ಟರವರೆಗೆ ಎಂದು ಬೆರಳಿಟ್ಟು ಹೇಳಿಸಿದೆ. ನಾಲ್ಕು ನಿಮಿಷ ಹಿಡಿಯಿತು. ದಾದಿ ಪಕ್ಕದಲ್ಲಿ ನಿಂತು ನೋಡುತ್ತಿದ್ದರು, ಅಷ್ಟರಲ್ಲಿ ಒಳಗಿನಿಂದ ಮತ್ತೆ ಕರೆ ಬಂತು. ಅವರು ಹೋದರು. ಸಂಜೆ ಬಸ್ಸಿಗೆ ನಾನೂ ಹೊರಟೆ, ಕಿಟಕಿ ಮತ್ತೆ ಖಾಲಿಯಾಯಿತು.

ತಾವು ಈ ಪತ್ರಕ್ಕೆ ಉತ್ತರಿಸುವುದಾದರೆ ಒಂದೇ ಒಂದು ಸಂಖ್ಯೆ ಬರೆದು ಕಳುಹಿಸಿ: ತಮ್ಮ ದೇಶದಲ್ಲಿ ಈ ಹೊತ್ತು ಅಂಥ ಕಿಟಕಿಗಳು ಎಷ್ಟಿವೆ?

ಇಂತಿ,
ತಮ್ಮ ವಿಶ್ವಾಸಿ,
ಒಬ್ಬ ಫಾರ್ಮಸಿಸ್ಟ್